ಮನೆಯೊಳಗೇ ಪೊಲೀಸ್ ಆದ ಸೊಸೆ

(ಗುರುತು ಸಿಗದಂತೆ ಹೆಸರು, ವಿವರ ಬದಲಿಸಲಾಗಿದೆ.)

ವಸುಧಾ ಗಂಡನ ಕೆಲಸದ ನಿಮಿತ್ತ ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಹೋಗಿ ವರ್ಷ ದಾಟಿತ್ತು. ಆಪ್ತ ಸಲಹೆಗಾಗಿ ನನಗೆ ಮಾಡಿದ ವಿಡಿಯೊ ಕರೆಯಲ್ಲಿ ಮೊದಲು ಹೇಳಿಕೊಂಡದ್ದು ನಿದ್ದೆಯ ವಿಷಯ. ರಾತ್ರಿ ಹತ್ತರ ಮೇಲೆ ಮನೆಯಲ್ಲಿ ಚಮಚ ಬಿದ್ದರೂ ಎದೆ ಧಸಕ್ಕೆನ್ನುತ್ತದೆ. ಮೆಟ್ಟಿಲಲ್ಲಿ ಸಪ್ಪಳವಾದರೆ ಯಾರೋ ದೂರು ಹೇಳಲು ಬಂದರು ಅನಿಸುತ್ತದೆ. ನನ್ನ ಜೊತೆಗೂ ದನಿ ತಗ್ಗಿಸಿಯೇ ಮಾತಾಡುತ್ತಿದ್ದರು. ಅಲ್ಲಿ ಆಗ ನಟ್ಟ ನಡು ಮಧ್ಯಾಹ್ನ.

ಇದಕ್ಕೆಲ್ಲ ಮೂಲ, ಕೆಳಮನೆಯ ಹಿರಿಯ ಮಹಿಳೆ ಬಾಗಿಲಿಗೆ ಅಂಟಿಸಿದ್ದ ಒಂದು ಚೀಟಿ. ‘ನಾವು ಕೊಳಕು ಜನ ಅಂತ ಬರೆದಿದ್ದಾರೆ ಮೇಡಂ’ ಎಂದರು. ಫೋಟೊ ಇದೆಯಾ ಎಂದೆ. ಇತ್ತು. ಪದ ಪದ ಬಿಡಿಸಿ ಓದಿಸಿದೆ. ‘ಈ ವಾರ ನಿಮ್ಮ ಸರದಿ, ದಯವಿಟ್ಟು ನೆನಪಿಡಿ, ವಂದನೆಗಳು’ ಎಂದಷ್ಟೇ ಇತ್ತು. ಆ ಸೀಮೆಯಲ್ಲಿ ಕೇರ್‌ವೋಖೆ ಎಂಬ ಪದ್ಧತಿ: ಮೆಟ್ಟಿಲು, ಹಜಾರ, ಮನೆ ಮುಂದಿನ ದಾರಿಯನ್ನು ಬಾಡಿಗೆದಾರರೇ ವಾರಕ್ಕೊಬ್ಬರಂತೆ ಗುಡಿಸಿ ಒರೆಸಬೇಕು. ಯಾರ ಪಾಳಿಯೋ ಅವರ ಬಾಗಿಲಿಗೆ ಒಂದು ಫಲಕ ನೇತುಹಾಕುತ್ತಾರೆ. ಫಲಕ ಬಂದದ್ದನ್ನು ವಸುಧಾ ನೋಡಿದ್ದರು, ಯಾವುದೋ ಅಲಂಕಾರ ಎಂದುಕೊಂಡಿದ್ದರು!

ಅಷ್ಟರಲ್ಲಿ ಅತ್ತೆ ಮೂರು ತಿಂಗಳಿಗೆಂದು ಬಂದರು. ಬೆಳಗಿನ ಐದೂವರೆಗೆ ಕುಕ್ಕರ್ ಕೂಗು, ಭಾನುವಾರ ಮಿಕ್ಸಿ. ಸಿಪ್ಪೆ, ಪ್ಲಾಸ್ಟಿಕ್, ಕಾಗದ ಎಲ್ಲ ಒಂದೇ ಡಬ್ಬಿಗೆ. ಅದನ್ನು ರಾತ್ರಿ ಕೈಗವಸು ಹಾಕಿಕೊಂಡು ಬೇರ್ಪಡಿಸುವವರು ವಸುಧಾ. ಚಳಿಗಾಲದಲ್ಲಿ ಕಿಟಕಿಯ ಜಗಳ ಬೇರೆ. ಅಲ್ಲಿನ ಬಿಗಿ ಕಟ್ಟಡಗಳಲ್ಲಿ ಅಡುಗೆ, ಸ್ನಾನ, ಒಣಗುವ ಬಟ್ಟೆಯ ತೇವ ಹೊರಹೋಗದೆ ತಣ್ಣನೆಯ ಗೋಡೆಯಲ್ಲಿ ಕೂತು ಬೂಷ್ಟು ಹಿಡಿಯುತ್ತದೆ. ಅದಕ್ಕೇ ದಿನಕ್ಕೆ ಎರಡು ಮೂರು ಸಲ, ಐದು ಹತ್ತು ನಿಮಿಷ, ಕಿಟಕಿ ಪೂರ್ತಿ ತೆರೆದಿಡುವುದು ರೂಢಿ. ಇವರು ತೆರೆದರೆ ಅತ್ತೆ ಶಾಲು ಹೊದ್ದು ಬಂದು ಮುಚ್ಚುತ್ತಿದ್ದರು. ‘ನನ್ನ ಮಗನ ಮನೇಲಿ ನನಗೆ ಬೆಚ್ಚಗೆ ಕೂರೋಕೂ ಇವಳ ಅಪ್ಪಣೆ ಬೇಕಾ?’

ಗಂಡ ಏನಂತಾರೆ ಎಂದು ಕೇಳಿದೆ. ‘ಅಮ್ಮ ಬಂದಿರೋದೇ ಮೂರು ತಿಂಗಳಿಗೆ, ಸ್ವಲ್ಪ ಅಡ್ಜಸ್ಟ್ ಮಾಡ್ಕೋ ಅಂತಾರೆ.’

ನನ್ನ ದೃಷ್ಟಿಯಲ್ಲಿ ಗಂಟು ಇರುವುದು ಇಲ್ಲೇ. ಬಾಡಿಗೆ ಕರಾರಿಗೆ ಸಹಿ ಹಾಕಿದವರು ಗಂಡ, ಜರ್ಮನ್ ಬರುವುದೂ ಅವರಿಗೇ. ಆದರೆ ಕಟ್ಟಡದ ಪ್ರತಿ ನಿಯಮವೂ ಅತ್ತೆಯ ಕಿವಿಗೆ ಬೀಳುತ್ತಿದ್ದದ್ದು ಸೊಸೆಯ ಬಾಯಿಂದ. ಹೊರಗಿನವರಿಗೆ ಆಕೆ ತಪ್ಪಿತಸ್ಥೆ, ಒಳಗಿನವರಿಗೆ ಪೊಲೀಸ್. ಹೊಂದಿಕೊಳ್ಳುವ ಶಕ್ತಿ ಆಕೆಗೆ ಕಡಿಮೆಯೇನಿರಲಿಲ್ಲ. ಮೂವರ ಪಾಲಿನದನ್ನು ಒಬ್ಬರೇ ಹೊಂದಿಸುತ್ತಿದ್ದರು.

ಮುಂದಿನ ಕರೆಗೆ ಗಂಡನನ್ನೂ ಕೂರಿಸಿದೆ. ಮನೆಯ ನಿಯಮಗಳ ಹಾಳೆಯನ್ನು ಇಬ್ಬರೂ ಕೂತು ಓದಿ, ಕಾನೂನು ಯಾವುದು, ಕರಾರು ಯಾವುದು, ಬರೀ ರೂಢಿ ಯಾವುದು ಎಂದು ಗುರುತು ಮಾಡಲು ಹೇಳಿದೆ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗಿನ ನಿಶ್ಶಬ್ದ ಸಾಮಾನ್ಯವಾಗಿ ಕಾನೂನಿನದು. ಭಾನುವಾರದ ವಿರಾಮಕ್ಕೆ ಸಂವಿಧಾನದ ರಕ್ಷಣೆಯೇ ಇದೆ: ಜರ್ಮನಿಯ ಹಳೆಯ, 1919ರ ವೈಮರ್ ಸಂವಿಧಾನದ ಆ ವಿಧಿಯನ್ನು ಈಗಿನ ಸಂವಿಧಾನವಾದ 1949ರ ಮೂಲ ಕಾನೂನು ಹಾಗೇ ಉಳಿಸಿಕೊಂಡಿದೆ. ಗುಡಿಸುವ ಪಾಳಿ ಕರಾರಿಗೆ ಸೇರಿದ್ದು. ಕೆಳಮನೆಯವರು ಎದುರು ಸಿಕ್ಕಾಗ ನಗಲಿಲ್ಲ ಎಂಬುದು ಯಾವ ಪಟ್ಟಿಗೂ ಸೇರದ್ದು, ಅದರ ಮೇಲೆ ನಿದ್ದೆ ಕೆಡಿಸಿಕೊಳ್ಳಬೇಕಿಲ್ಲ.

ಅಮ್ಮನಿಗೆ ಹೇಳಬೇಕಾದ್ದನ್ನು ಮಗನೇ ಹೇಳಬೇಕು, ಅದೂ ‘ಅವಳು ಹೀಗಂತಾಳೆ’ ಎಂದಲ್ಲ, ‘ನಾನು ಸಹಿ ಹಾಕಿದ್ದೀನಮ್ಮ’ ಎಂದು. ಗುಡಿಸುವ ವಾರ ಒಂದು ಸಲ ಗಂಡನದು, ಒಂದು ಸಲ ಹೆಂಡತಿಯದು. ಕಿಟಕಿ ತೆರೆಯುವ ಹೊತ್ತಿಗೆ ಅತ್ತೆ ಬೇರೆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂರಲಿ. ಕುಕ್ಕರ್ ಏಳರ ನಂತರ. ಕೆಳಮನೆಯವರ ಬಳಿ ಗಂಡ ಹೆಂಡತಿ ಒಟ್ಟಿಗೆ ಹೋಗಿ ಪರಿಚಯ ಮಾಡಿಕೊಂಡು, ತೊಂದರೆಯಾದರೆ ಗಂಟೆ ಒತ್ತಿ ಎಂದು ಹೇಳಿ ಬರಲಿ. ಸಿಹಿ ಡಬ್ಬಿ ಒಯ್ಯಲೇ ಎಂದು ವಸುಧಾ ಕೇಳಿದರು. ಮೊದಲ ಭೇಟಿಗೆ ಬೇಡ ಎಂದೆ, ಪ್ರಾಯಶ್ಚಿತ್ತಕ್ಕೆ ಹೋದ ಹಾಗಾಗುತ್ತದೆ. ಮನೆಯೊಳಗಿನ ಸಂಜೆ ದೀಪ, ಮೆಲ್ಲಗೆ ಹೇಳುವ ಹಾಡು, ಹಗಲಿನ ಒಗ್ಗರಣೆ, ಇವನ್ನು ಯಾರೂ ಬೇಡ ಎಂದಿಲ್ಲ. ಹೆದರಿ ತಾವಾಗಿಯೇ ನಿಲ್ಲಿಸಿದ್ದರು, ಮತ್ತೆ ಶುರು ಮಾಡಲು ಹೇಳಿದೆ. ಕೆಲವು ವಾರದಲ್ಲಿ ನಿದ್ದೆ ಸುಧಾರಿಸದಿದ್ದರೆ ಅಲ್ಲಿನ ವೈದ್ಯರನ್ನು ಕಾಣಬೇಕು ಎಂದೂ ಸೂಚಿಸಿದೆ.

ಎಲ್ಲವೂ ಸರಿಹೋಗಿಲ್ಲ. ಅತ್ತೆಗೆ ಕಸದ ಡಬ್ಬಿಗಳ ಮೇಲಿನ ಸಿಟ್ಟು ಊರಿಗೆ ಹೊರಡುವವರೆಗೂ ಇಳಿಯಲಿಲ್ಲ. ಗಂಡ ಎರಡನೆಯ ಪಾಳಿಯನ್ನೇ ಮರೆತರು. ಚೀಟಿ ಮತ್ತೆ ಬಂತು. ವಸುಧಾ ಈ ಸಲ ಅದನ್ನು ತೆಗೆದು ಗಂಡನ ಲ್ಯಾಪ್‌ಟಾಪ್‌ಗೆ ಅಂಟಿಸಿದರಂತೆ. ರಾತ್ರಿ ನಿದ್ದೆ ಬರುತ್ತಿದೆ. ಈಗ ನಮ್ಮ ಮಾತುಕತೆ ಅವರ ಭಾಷಾ ತರಗತಿ ಮತ್ತು ನಿಂತುಹೋದ ನೌಕರಿಯ ಸುತ್ತ ನಡೆದಿದೆ.