ಪ್ರತಿ: ಶಿಕ್ಷಕರು ಬದಲಾದ ಮೇಲೆ ಮಗಳಿಗೆ ಗಣಿತ ಬೇಡವಾಗಿದೆ

ಲೆಕ್ಕವೆಂದರೆ ಕುಣಿಯುತ್ತಿದ್ದ ಮಗಳು ಹೊಸ ಶಾಲೆಗೆ ಸೇರಿದ ಮೇಲೆ ‘ಇದರಿಂದ ಏನು ಉಪಯೋಗ’ ಎನ್ನುತ್ತಿದ್ದಾಳೆ, ಪಾಠ ಕಷ್ಟವಾಯಿತೇ, ಶಿಕ್ಷಕರು ಕಾರಣವೇ ಎಂದು ಕೇಳಿದ್ದೀರಿ. ಎರಡೂ ಇರಬಹುದು. ಆದರೂ ನನ್ನ ಅನುಮಾನ ಎರಡನೆಯದರ ಮೇಲೆ.

ಮಿಡ್ಗ್ಲಿ, ಫೆಲ್ಡ್‌ಲಾಫರ್ ಮತ್ತು ಎಕಲ್ಸ್ 1989ರಲ್ಲಿ ಪ್ರಕಟಿಸಿದ ಅಮೆರಿಕದ ಅಧ್ಯಯನ ಇಂಥ ಮಕ್ಕಳನ್ನೇ ಗಮನಿಸಿತ್ತು. ಆಸರೆಯಾಗಿದ್ದ ಶಿಕ್ಷಕರಿಂದ ಅಷ್ಟೇನೂ ಆಸರೆ ಕೊಡದವರ ತರಗತಿಗೆ ಹೋದವರಲ್ಲಿ ಗಣಿತದ ಬಗೆಗಿನ ಆಸಕ್ತಿ, ಅದು ಮುಖ್ಯವೆಂಬ ಭಾವನೆ ಕುಗ್ಗಿತ್ತು. ಹಿಂದುಳಿದ ಮಕ್ಕಳಿಗೆ ಪೆಟ್ಟು ಇನ್ನೂ ಜೋರು.

ಹಾಗೆಂದು ಶಿಕ್ಷಕರು ಸದಾ ನಗುತ್ತಿರಬೇಕೆಂದಲ್ಲ. ತಪ್ಪು ಉತ್ತರ ಬಂದಾಗ ಅವರು ಏನು ಮಾಡುತ್ತಾರೆ ಎಂಬುದನ್ನು ನೋಡಿ. ಮಗು −3 − 5 = 8 ಎಂದು ಬರೆದಿದೆ ಎನ್ನಿ. ಕೆಂಪು ಗೀಟು ಎಳೆದು ಮುಂದೆ ಹೋಗಬಹುದು, ‘ಹೇಗೆ ಬಂತು?’ ಎಂದೂ ಕೇಳಬಹುದು. ಕೇಳಿದರೆ, ‘ಎರಡು ಮೈನಸ್ ಸೇರಿದರೆ ಪ್ಲಸ್’ ಎಂಬ ಗುಣಾಕಾರದ ನಿಯಮವನ್ನು ಮಗು ಇಲ್ಲಿಗೆ ತಂದು ಅಂಟಿಸಿರುವುದು ಗೊತ್ತಾಗುತ್ತದೆ. ಆಗ ತಾನು ದಡ್ಡಿಯಲ್ಲ, ನಿಯಮದ ಜಾಗ ತಪ್ಪಿತು ಅಷ್ಟೇ ಎಂದು ಅವಳಿಗೂ ತಿಳಿಯುತ್ತದೆ.

ಇನ್ನೊಂದು ಅಪಾಯ, ಅತಿಯಾದ ಮೃದುತನ. ‘ಪರವಾಗಿಲ್ಲ, ಎಲ್ಲರಿಗೂ ಗಣಿತ ಬರುವುದಿಲ್ಲ’ ಎಂಬ ಸಾಂತ್ವನ ಕೇಳಲು ಹಿತ, ಆದರೆ ಮಗುವಿಗೆ ಅದು ‘ನಿನ್ನಿಂದ ಆಗದು’ ಎಂದೇ ಕೇಳಿಸುತ್ತದೆ. (ಮನೆಯವರೂ ಇದನ್ನು ಧಾರಾಳವಾಗಿ ಹೇಳುತ್ತಾರೆ.)

ದೂರು ಕೊಡಲು ಹೋಗಬೇಡಿ. ಮಗಳ ನೋಟ್‌ಬುಕ್ ಹಿಡಿದು ಶಿಕ್ಷಕರನ್ನು ಭೇಟಿಯಾಗಿ, ಅವಳು ಎಲ್ಲಿ ಎಡವುತ್ತಿದ್ದಾಳೆ ಎಂದಷ್ಟೇ ಕೇಳಿ. ಅವರು ಅಂಕ ಹೇಳುತ್ತಾರೋ, ಒಂದು ಲೆಕ್ಕ ತೆರೆದು ತೋರಿಸುತ್ತಾರೋ ಗಮನಿಸಿ.