ಓಸಿಎಲ್ ಓದುವಾಗ ಕೈಕೊಡುವುದು ನೆನಪೇ?

ಸಾಫ್ಟ್‌ವೇರ್ ವಿನ್ಯಾಸವನ್ನು ಚಿತ್ರಗಳಲ್ಲಿ ತೋರಿಸುವ ಭಾಷೆ ಯುಎಂಎಲ್. ಅದರ ಪ್ರಮಾಣಪತ್ರ ಪರೀಕ್ಷೆಗೆ ಓದಲು ನನ್ನ ಬಳಿ ಬರುವವರಲ್ಲಿ, ಅದರಲ್ಲೂ ಹಲವು ವರ್ಷ ಪ್ರೋಗ್ರಾಮಿಂಗ್ ಮಾಡಿದವರಲ್ಲಿ, ಈ ಪ್ರಕರಣ ಮತ್ತೆ ಮತ್ತೆ ಎದುರಾಗುತ್ತದೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಬಂದವರು ಅನುಭವಿ ಡೆವಲಪರ್. ಡಯಾಗ್ರಾಮ್‌ಗಳ ಭಾಗದಲ್ಲಿ ಒಳ್ಳೆಯ ಅಂಕ. ಆ ಡಯಾಗ್ರಾಮ್‌ಗಳಿಗೆ ನಿಯಮಗಳನ್ನು ಬರೆಯುವ ಭಾಷೆಯಾದ ಆಬ್ಜೆಕ್ಟ್ ಕನ್‌ಸ್ಟ್ರೇಂಟ್ ಲ್ಯಾಂಗ್ವೇಜ್, ಅಂದರೆ ಓಸಿಎಲ್, ಬಂದ ಕೂಡಲೇ ಎಡವುತ್ತಿದ್ದರು. "ವಯಸ್ಸಾಯ್ತು, ತಲೆಯಲ್ಲಿ ಏನೂ ನಿಲ್ತಿಲ್ಲ" ಎಂಬುದು ಅವರ ಅಳಲು. ಆದರೆ ಓಸಿಎಲ್‌ನ ಆಪರೇಶನ್‌ಗಳಾದ ಸೆಲೆಕ್ಟ್, ರಿಜೆಕ್ಟ್, ಕಲೆಕ್ಟ್, ಫಾರ್‌ಆಲ್ ಯಾವುದನ್ನು ಕೇಳಿದರೂ ತಡವರಿಸದೆ ವಿವರಿಸಿದರು.

ಮುಂದಿನ ಭೇಟಿಯಲ್ಲಿ ಹಾಳೆ ಕೊಟ್ಟು ಮೂವರು ನೌಕರರ ಸಂಬಳ ಬರೆಸಿದೆ: 30, 30, 40. ಕೆಳಗೆ ಒಂದೇ ಸಾಲು: ಸೆಲ್ಫ್.ನೌಕರರು.ಸಂಬಳ->ಸಮ್(). ಉತ್ತರ 70 ಎಂದರು. "ನೌಕರರು ಅಂದ್ರೆ ಸೆಟ್. ಸೆಟ್‌ನಲ್ಲಿ ಒಂದೇ ವ್ಯಾಲ್ಯೂ ಎರಡು ಸಲ ಇರೋಲ್ಲ." ನಿಯಮ ಸರಿ, ಅನ್ವಯಿಸಿದ ಜಾಗ ತಪ್ಪು. ಪ್ರತಿ ಚುಕ್ಕಿ, ಪ್ರತಿ ಬಾಣ ದಾಟಿದ ಮೇಲೆ ಕೈಗೆ ಬರುವುದು ಯಾವ ಟೈಪ್ ಎಂದು ಕೆಳಗೆ ಬರೆಯಲು ಹೇಳಿದೆ. 'ನೌಕರರು' ಕೆಳಗೆ ಸೆಟ್ ಎಂದು ಬರೆದರು. 'ಸಂಬಳ'ದ ಹತ್ತಿರ ಪೆನ್ನು ನಿಂತಿತು. ಕಲೆಕ್ಷನ್ (ಹಲವು ಆಬ್ಜೆಕ್ಟ್‌ಗಳ ಗುಂಪು) ಮೇಲೆ ಚುಕ್ಕಿ ಇಟ್ಟು ಆಟ್ರಿಬ್ಯೂಟ್ ಕೇಳಿದರೆ, ಬರೆಯದಿದ್ದರೂ ಅಲ್ಲಿ ಕಲೆಕ್ಟ್, ಅಂದರೆ ಪ್ರತಿ ಸದಸ್ಯನಿಂದ ಆ ವ್ಯಾಲ್ಯೂ ತೆಗೆದು ಸೇರಿಸುವುದು, ನಡೆಯುತ್ತದೆ. ಸೆಟ್ ಮೇಲಿನ ಕಲೆಕ್ಟ್ ಕೊಡುವುದು ಬ್ಯಾಗ್. ಬ್ಯಾಗ್‌ನಲ್ಲಿ ಎರಡೂ 30 ಉಳಿಯುತ್ತವೆ. ಹಾಗಾಗಿ ಮೊತ್ತ 100. ಸಮ್‌ಗೆ ಮೊದಲು ->ಆಸ್‌ಸೆಟ್() ಸೇರಿಸಿದ್ದರೆ ಮಾತ್ರ 70. ಹಾಳೆಯನ್ನು ಇನ್ನೊಮ್ಮೆ ನೋಡಿ, "ನಾನು ಮೊದಲ ಪದ, ಕೊನೆಯ ಪದ ನೋಡಿ ಉತ್ತರ ಹೇಳ್ತಿದ್ದೆ" ಅಂದರು.

ಮಾದರಿ ಪರೀಕ್ಷೆಗಳನ್ನು ಸದ್ಯಕ್ಕೆ ನಿಲ್ಲಿಸಿ ಎಂದು ಸಲಹೆ ಕೊಟ್ಟೆ. ಪರೀಕ್ಷೆ ಹತ್ತಿರ ಇರುವಾಗ ಅಭ್ಯಾಸ ಬಿಡಿಸುವುದೇ ಎಂದು ಆಕ್ಷೇಪಿಸುವವರಿದ್ದಾರೆ. ಆದರೂ ನನ್ನ ನಿಲುವು ಗಟ್ಟಿ: ಮಾದರಿ ಪರೀಕ್ಷೆ ಎಷ್ಟು ತಪ್ಪಾಯಿತು ಎಂದು ಹೇಳುತ್ತದೆ, ಯಾವ ಚುಕ್ಕಿಯಲ್ಲಿ ಎಂದು ಹೇಳುವುದಿಲ್ಲ. ಆ ಅಂಕಗಳನ್ನು ನೋಡಿ ನೋಡಿಯೇ ಇವರು ತಮ್ಮ ನೆನಪನ್ನು ಅನುಮಾನಿಸತೊಡಗಿದ್ದು.

ಬದಲಿಗೆ ದಿನಕ್ಕೆ ಐದು ಎಕ್ಸ್‌ಪ್ರೆಶನ್ ಸಾಕು. ಹೆಜ್ಜೆ ಹೆಜ್ಜೆಗೆ ಟೈಪ್ ಬರೆದು, ಎರಡು ಮೂರು ಆಬ್ಜೆಕ್ಟ್ ಇಟ್ಟುಕೊಂಡು ಕೈಲೆಕ್ಕ ಮಾಡಬೇಕು. ಖಾಲಿ ಕಲೆಕ್ಷನ್ ಇಟ್ಟೂ ನೋಡಬೇಕು: ಅಲ್ಲಿ ಫಾರ್‌ಆಲ್ (ಎಲ್ಲರಿಗೂ ಅನ್ವಯಿಸುತ್ತದೆಯೇ) ನಿಜ, ಎಕ್ಸಿಸ್ಟ್ಸ್ (ಒಬ್ಬರಿಗಾದರೂ ಅನ್ವಯಿಸುತ್ತದೆಯೇ) ಸುಳ್ಳು. ಹೆಸರಿನ ಉದ್ದ ಬೇಕಾದಾಗ ಹೆಸರು.ಸೈಜ್() ಬದಲು ಹೆಸರು->ಸೈಜ್() ಬರೆದರೆ ಆ ಸ್ಟ್ರಿಂಗ್ ಒಂದೇ ಸದಸ್ಯನ ಸೆಟ್ ಆಗಿ ಉತ್ತರ 1 ಬರುತ್ತದೆ. ಎಕ್ಸ್‌ಪ್ರೆಶನ್ ಸಿಂಧುವೇ ಆದ್ದರಿಂದ ತಪ್ಪು ಕಣ್ಣಿಗೆ ಬೀಳುವುದಿಲ್ಲ.

ಪೋಸ್ಟ್‌ಕಂಡಿಶನ್‌ನಲ್ಲಿ (ಆಪರೇಶನ್ ನಂತರದ ಷರತ್ತು) 'ಬಾಕಿ = ಬಾಕಿ@ಪ್ರಿ + ಮೊತ್ತ' ಎಂಬುದನ್ನು ಅವರು ಅಸೈನ್‌ಮೆಂಟ್, ಅಂದರೆ ಬಾಕಿಗೆ ಹೊಸ ವ್ಯಾಲ್ಯೂ ಕೊಡುವ ಆಜ್ಞೆ, ಎಂದೇ ಓದುತ್ತಿದ್ದರು. @ಪ್ರಿ ಅಂದರೆ ಆಪರೇಶನ್‌ಗೆ ಮುಂಚಿನ ವ್ಯಾಲ್ಯೂ. 1997ರಲ್ಲಿ ಯುಎಂಎಲ್ 1.1ರ ಜೊತೆ ಬಂದಾಗಿನಿಂದಲೂ ಓಸಿಎಲ್ ಮಾಡೆಲ್‌ನಲ್ಲಿ ಏನನ್ನೂ ಬದಲಿಸುವುದಿಲ್ಲ. ಆಪರೇಶನ್ ಮುಗಿದಾಗ ಇದು ನಿಜವಾಗಿರಬೇಕು ಎಂದಷ್ಟೇ ಹೇಳುತ್ತದೆ.

ಪರೀಕ್ಷೆಯ ದಿನಾಂಕವನ್ನು ಅವರೇ ಮುಂದೂಡಿಕೊಂಡರು. ಈಗ ಪೆನ್ನು ನಿಲ್ಲುವುದು 0..1 ಸಂಬಂಧಗಳ (ಆ ತುದಿಯಲ್ಲಿ ಹೆಚ್ಚೆಂದರೆ ಒಂದೇ ಆಬ್ಜೆಕ್ಟ್ ಇರುವಂಥವು) ಹತ್ತಿರ: ಚುಕ್ಕಿ ಇಟ್ಟರೆ ಒಂದು ಆಬ್ಜೆಕ್ಟ್, ಬಾಣ ಇಟ್ಟರೆ ಸೆಟ್. ಮುಂದಿನ ಭೇಟಿಗೆ ಅದನ್ನೇ ಇಟ್ಟುಕೊಂಡಿದ್ದೇವೆ.