ಎಂಪಥಿಕ್ ಡಿಸೈನ್ ಅಂದ್ರೆ ಜನರ ಜೊತೆ ಇದ್ದು ನೋಡಿ ವಿನ್ಯಾಸ ಮಾಡೋದು ಅಂತಾರೆ. ಪಾರ್ಕಿನಂಥ ಜಾಗಕ್ಕೆ ಸುಮ್ನೆ ಅವರನ್ನು ಕೇಳಿದರೆ ಸಾಲದೇ?

ಸಾಲದು. ತೊಂದರೆ ರೂಢಿಯಾದ ಮೇಲೆ ಜನ ಅದನ್ನು ಹೇಳುವುದೇ ಇಲ್ಲ, ತಾವೇ ಹೊಂದಿಕೊಂಡುಬಿಡುತ್ತಾರೆ. ಮಂಡಿನೋವಿರುವ ಅಜ್ಜಿಯನ್ನು ಕೇಳಿದರೆ ಪಾರ್ಕ್ ಚೆನ್ನಾಗಿದೆ ಅಂತಾರೆ. ಜೊತೆಗೆ ಕೂತು ನೋಡಿ: ಕೈಯಾಸರೆ ಇಲ್ಲದ ತಗ್ಗು ಬೆಂಚಿನಿಂದ ಏಳುವಾಗ ಪಕ್ಕದವರ ಭುಜ ಹಿಡಿಯುತ್ತಾರೆ. ಒಬ್ಬರೇ ಬಂದ ದಿನ ಕೂರುವುದೇ ಇಲ್ಲ. ಬೆಂಚಿಗೆ ಏನು ಬೇಕು ಅಂತ ಗೊತ್ತಾಗುವುದು ಆಗಲೇ, ಅಲ್ವಾ?

1979ರಲ್ಲಿ ಅಮೆರಿಕದ ವಿನ್ಯಾಸಕಿ ಪ್ಯಾಟ್ರಿಷಿಯಾ ಮೂರ್ ಇದನ್ನು ತಮ್ಮ ಮೈಮೇಲೇ ಪ್ರಯೋಗ ಮಾಡಿದರು. ಆಗ ಅವರಿಗೆ 26 ವರ್ಷ. ಮುದುಕಿಯ ವೇಷ ಹಾಕಿ, ಕಣ್ಣು ಮಂಜಾಗುವ ಕನ್ನಡಕ ತೊಟ್ಟು, ಕೈಕಾಲು ಸಲೀಸಾಗಿ ಆಡದಂತೆ ಪಟ್ಟಿ ಕಟ್ಟಿಕೊಂಡು ಊರೂರು ಸುತ್ತಿದರು. ಅಷ್ಟೊಂದು ಎಲ್ಲರಿಗೂ ಬೇಕಿಲ್ಲ ಬಿಡಿ. ಗಾಲಿಕುರ್ಚಿಯಲ್ಲಿರುವವರ ಜೊತೆ ಒಂದು ಸುತ್ತು ಹಾಕಿದರೂ ಜಾಸ್ತಿಯೇ ಕಾಣುತ್ತದೆ.